ಮೇಜಿನ ಮೇಲೆ ಕಾವೇರಿ: ಶ್ರೀರಂಗಪಟ್ಟಣದ ರಣಭೂಮಿ ಮಾಡಿದ ನನ್ನ ಅನುಭವ

ಗೊಂಬೆ ಸೈನಿಕರ ಯುದ್ಧದಾಟಕ್ಕೆ ಶ್ರೀರಂಗಪಟ್ಟಣದ ನೆಲ ಮಾಡಲು ಕೂತಾಗ ಮೊದಲು ನದಿಯ ತಳ ಮಾಡಬೇಕಿತ್ತು, ನಾನು ಕೋಟೆಯಿಂದ ಶುರುಮಾಡಿದೆ. ಗೋಡೆ, ಕೊತ್ತಳ, ತೆನೆ ಎಲ್ಲ ಮುಗಿಸಿ, ಮುಂದೆ ಉಳಿದ ಜಾಗಕ್ಕೆ ನೀಲಿ ಬಳಿದು ಅದನ್ನೇ ಕಾವೇರಿ ಅಂದೆ. ಗೆಳೆಯರು ಬಂದು ಆಡಿದರು. ಇಂಗ್ಲಿಷರ ಪಡೆ ನಡೆಸುತ್ತಿದ್ದವರು ಮೂರೇ ಸರದಿಯಲ್ಲಿ ಹೊಳೆ ದಾಟಿ ಗೋಡೆ ಹತ್ತಿಬಿಟ್ಟರು. "ಶ್ರೀರಂಗಪಟ್ಟಣ ಅಂದ್ರೆ ಇಷ್ಟೇನಾ?" ಅಂತ ಒಬ್ಬರು ಕೇಳಿದಾಗ ನನಗೆ ನಿಜವಾಗಿ ಬೇಜಾರಾಯಿತು. ಗೊಂಬೆಗಳು ಸರಿಯಾಗಿದ್ದವು, ನಿಯಮಗಳೂ ಸರಿ ಇದ್ದವು. ನೆಲ ಮಾತ್ರ ಸುಳ್ಳಾಗಿತ್ತು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಪುಟ್ಟ ಪುಟ್ಟ ಸೈನಿಕರನ್ನು ಮೇಜಿನ ಮೇಲೆ ಜೋಡಿಸಿ, ಟೇಪು ಹಿಡಿದು ಇಂತಿಷ್ಟು ಸೆಂಟಿಮೀಟರ್ ನಡೆಸಿ, ಏಟು ಬಿತ್ತೋ ಇಲ್ಲವೋ ಎಂದು ದಾಳ ಹಾಕಿ ನೋಡುವ ಯುದ್ಧದ ಆಟ ಇದು. 1812ರಲ್ಲಿ ಪ್ರಷ್ಯಾದ ರೈಸ್‌ವಿಟ್ಸ್ ಎಂಬಾತ ತನ್ನ ದೊರೆಗೆ ಇಂಥದ್ದೇ ಒಂದು ಮೇಜು ಮಾಡಿಕೊಟ್ಟಿದ್ದ. ದಿಣ್ಣೆ, ಹೊಳೆ, ದಾರಿಗಳನ್ನು ಉಬ್ಬಿಸಿ ತೆಗೆದ ಬಿಲ್ಲೆಗಳನ್ನು ಬೇಕಾದ ಹಾಗೆ ಜೋಡಿಸಿದರೆ ಪ್ರತಿ ಸಲವೂ ಬೇರೆ ನೆಲ. ಅವನ ಮಗ ಅದನ್ನು ಬಿಟ್ಟು ಕಾಗದದ ನಕ್ಷೆಗೆ ಬಂದ. ಸೇನೆಯವರಿಗೆ ಅದು ಅನುಕೂಲವಾಯಿತು. ನನಗೆ ಅಪ್ಪನ ದಾರಿಯೇ ಸರಿ ಅನ್ನಿಸುತ್ತದೆ. ಕೈಯಲ್ಲಿ ಮುಟ್ಟಿದ ದಿಣ್ಣೆಯನ್ನು ಯಾರೂ ಮರೆಯುವುದಿಲ್ಲ. ಮೈಸೂರಿನ ಮನೆಗಳಿಗೆ ಈ ಕೆಲಸ ತೀರಾ ಹೊಸದೂ ಅಲ್ಲ. ನವರಾತ್ರಿಗೆ ಗೊಂಬೆ ಕೂರಿಸುವಾಗ ತಟ್ಟೆಯಲ್ಲಿ ರಾಗಿ ಪೈರು ಬೆಳೆಸಿ ಪಾರ್ಕು ಮಾಡಿ, ಕನ್ನಡಿ ಚೂರಿಟ್ಟು ಕೆರೆ ಮಾಡುತ್ತಿದ್ದ ನಮ್ಮಮ್ಮನೇ ನನ್ನ ಮೊದಲ ಗುರು.

ಎರಡನೇ ಸಲ ಕೂರುವ ಮೊದಲು ಜಾಗ ನೋಡಬೇಕು ಅನ್ನಿಸಿತು. ಅದಕ್ಕೂ ಮುಂಚೆ ಸುಲಭದ ದಾರಿಯೊಂದನ್ನು ಹಿಡಿದು ನೋಡಿದ್ದೆ. 2000ದ ಫೆಬ್ರವರಿಯಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆ ರಾಡಾರ್‌ನಿಂದ ಅಳೆದ ನೆಲದ ಎತ್ತರದ ಮಾಹಿತಿ ಪುಕ್ಕಟೆ ಸಿಗುತ್ತದೆ, ಅದನ್ನು ತ್ರೀಡಿ ಪ್ರಿಂಟರಿಗೆ ಕೊಟ್ಟೆ. ಸುಮಾರು 30 ಮೀಟರಿಗೆ ಒಂದು ಚುಕ್ಕಿ. ಮಡಿಕೇರಿ ಕಡೆಯ ಬೆಟ್ಟವಾದರೆ ಅದರಲ್ಲಿ ಸೊಗಸಾಗಿ ಬರುತ್ತದೆ. ಶ್ರೀರಂಗಪಟ್ಟಣ ಮಾತ್ರ ನೀರುದೋಸೆಯ ಹಾಗೆ ಬಂತು. ಗೋಡೆ, ಕಂದಕ, ಬಂಡೆ, ಅಲ್ಲಿ ಯುದ್ಧವನ್ನು ತೀರ್ಮಾನಿಸಿದ ಎಲ್ಲವೂ ಆ ಎರಡು ಚುಕ್ಕಿಗಳ ನಡುವೆ ಬಿದ್ದುಹೋಗಿತ್ತು.

ಹಾಗಾಗಿ ಬೇಸಿಗೆಯಲ್ಲಿ ಹೋದೆ. ಬೇಸಿಗೆಯಲ್ಲೇ ಹೋಗಬೇಕು, ಯಾಕೆಂದರೆ ಟಿಪ್ಪುವಿನ ಈ ಕೋಟೆ ಇಂಗ್ಲಿಷರಿಗೆ ಬಿದ್ದದ್ದು 1799ರ ಮೇ 4ರ ಮಧ್ಯಾಹ್ನ. ಜೂನ್ ಬಂದು ಕೊಡಗಿನಲ್ಲಿ ಮಳೆ ಹಿಡಿದರೆ ಕಾವೇರಿ ತುಂಬುತ್ತಾಳೆ, ಆಮೇಲೆ ಯಾವ ಪಡೆಯೂ ದಾಟುವ ಹಾಗಿಲ್ಲ. ಇಂಗ್ಲಿಷರ ದಂಡಿನ ಮುಖ್ಯಸ್ಥ ಜನರಲ್ ಹ್ಯಾರಿಸ್‌ನ ಅವಸರವೆಲ್ಲ ಅದಕ್ಕೇ; ದಂಡಿನಲ್ಲಿ ಆಹಾರವೂ ಮುಗಿಯುತ್ತ ಬಂದಿತ್ತು. ಈಗ ಮೇಲ್ಗಡೆ ಕನ್ನಂಬಾಡಿ ಕಟ್ಟೆ ಇರುವುದರಿಂದ ಇವತ್ತು ಕಾಣುವ ನೀರಿನ ಮಟ್ಟವನ್ನು ನೆಚ್ಚುವ ಹಾಗಿಲ್ಲ. ಆದರೆ ಬಂಡೆಗಳು ಅವೇ. ಫಿರಂಗಿ ಏಟಿಗೆ ಗೋಡೆಯಲ್ಲಿ ಗಂಡಿ ಬಿದ್ದ ಜಾಗದ ಹತ್ತಿರ ಈಗೊಂದು ಸ್ಮಾರಕ ಸ್ತಂಭವಿದೆ. ಅಲ್ಲಿ ನಿಂತು ಕೆಳಗೆ ನೋಡಿದಾಗ ನನ್ನ ನೀಲಿ ಬಣ್ಣದ ತಪ್ಪು ಗೊತ್ತಾಯಿತು. ಅದು ಹರಿಯುವ ಹೊಳೆಯಲ್ಲ. ಬಂಡೆ, ಬಂಡೆಯ ಸಂದಿಯಲ್ಲಿ ಮಡು, ಪಾಚಿ, ಮತ್ತೆ ಬಂಡೆ. ಸುಮಾರು 280 ಗಜ ಅಗಲದ ಆ ಕಲ್ಲುಹಾಸಿನ ಮೇಲೆ ಬಿಸಿಲಲ್ಲಿ, ಎದುರಿನಿಂದ ಗುಂಡು ಬೀಳುವಾಗ ಓಡಬೇಕು. ಆ ದಿನ ಮುಂದೆ ನಿಂತು ನಡೆಸಿದ ಡೇವಿಡ್ ಬೇರ್ಡ್ ಇದೇ ಕೋಟೆಯಲ್ಲಿ ಹಿಂದೆ ಸೆರೆಯಾಳಾಗಿ ವರ್ಷಗಟ್ಟಲೆ ಇದ್ದವನು.

ಮನೆಗೆ ಬಂದು ಮೊದಲು ಲೆಕ್ಕ. 280 ಗಜ ಅಂದರೆ ಹತ್ತಿರ ಹತ್ತಿರ 256 ಮೀಟರ್. ನನ್ನ ಗೊಂಬೆಗಳು 6 ಮಿಲಿಮೀಟರಿನವು, ಅಂದರೆ ಅಂದಾಜು 1:300. ಅದೇ ಅಳತೆ ಹಿಡಿದರೆ ಹೊಳೆಯೊಂದೇ 85 ಸೆಂಟಿಮೀಟರ್ ತಿನ್ನುತ್ತದೆ, ಕೋಟೆಗೆ ಇನ್ನೊಂದು ಮೇಜು ಬೇಕು. ಅದಕ್ಕೇ ಈ ಆಟದಲ್ಲಿ ಎರಡು ಅಳತೆ ಇಟ್ಟುಕೊಳ್ಳುತ್ತಾರೆ. ಉದ್ದ ಅಗಲಕ್ಕೆ 1:1000 ಹಿಡಿದೆ, ಹೊಳೆ 25 ಸೆಂಟಿಮೀಟರಿಗೆ ಇಳಿಯಿತು. ಎತ್ತರಕ್ಕೆ ಮಾತ್ರ 1:300 ಬಿಡಲಿಲ್ಲ. 9 ಮೀಟರಿನ ಗೋಡೆ ಅಂದುಕೊಳ್ಳಿ: 1:1000ದಲ್ಲಿ ಅದು 9 ಮಿಲಿಮೀಟರ್, ಸೈನಿಕ ಒಂದು ಹೆಜ್ಜೆ ಎತ್ತಿದರೆ ಆಚೆ. 1:300ರಲ್ಲಿ ಅದೇ ಗೋಡೆ 3 ಸೆಂಟಿಮೀಟರ್ ಆಗಿ ತಲೆಯ ಮೇಲೆ ನಿಲ್ಲುತ್ತದೆ. ಪ್ಯಾರಿಸಿನ ಇನ್‌ವಾಲಿಡ್ ಕಟ್ಟಡದ ಮ್ಯೂಸಿಯಮ್ಮಿನಲ್ಲಿ ಫ್ರಾನ್ಸಿನ ಹಳೆಯ ಕೋಟೆಗಳ ದೊಡ್ಡ ಮಾದರಿಗಳಿವೆ, ಬಹುಪಾಲು 1:600ರವು, ಎಲ್ಲ ಕಡೆ ಒಂದೇ ಅಳತೆ. ಅವು ನೋಡುವುದಕ್ಕೆ. ಆಡುವ ನೆಲಕ್ಕೆ ಆ ಪ್ರಾಮಾಣಿಕತೆ ಒಗ್ಗುವುದಿಲ್ಲ.

ಸಾಮಾನು ಹೆಚ್ಚೇನೂ ಬೇಡ. ಥರ್ಮೋಕೋಲ್ ಬೇಡವೇ ಬೇಡ. ಕಾಳು ಕಾಳಾಗಿ ಉದುರುತ್ತದೆ, ಬ್ಲೇಡಿಗೆ ಅಂಚು ನಿಲ್ಲುವುದಿಲ್ಲ. ತಾರಸಿಯ ಕಾವು ತಡೆಯಲು ಹಾಕುವ ಎಕ್ಸ್‌ಪಿಎಸ್ ಬೋರ್ಡ್, ಅಂದರೆ ಗಟ್ಟಿ ಫೋಮಿನ ಹಾಳೆ, ತನ್ನಿ. ಗೋದಾಮಿನವರು "ಎಷ್ಟು ಸ್ಕ್ವೇರ್ ಫೀಟ್ ತಾರಸಿ ಸಾರ್?" ಅಂದಾಗ ನಾಲ್ಕಡಿ ಮೂರಡಿ ಅಂದೆ, ಏನಕ್ಕೆ ಅಂತ ಕೇಳಿ, ಕೋಟೆ ಮಾಡ್ತೀನಿ ಅಂದ ಮೇಲೆ ಮೂಲೆ ಮುರಿದ ಹಾಳೆಗಳನ್ನು ಅರ್ಧ ಬೆಲೆಗೆ ಕೊಟ್ಟರು. ಕತ್ತರಿಸಲು ಕಾದ ನೈಕ್ರೋಮ್ ತಂತಿ, ಕಿಟಕಿ ತೆರೆದೇ ಇರಲಿ. ಅಂಟಿಗೆ ಬಿಳಿ ಫೆವಿಕಾಲ್. ರಬ್ಬರ್ ಅಂಟು, ಸ್ಪ್ರೇ ಪೇಂಟ್ ಎರಡೂ ಫೋಮನ್ನು ತಿಂದುಹಾಕುತ್ತವೆ. ನನ್ನ ಮೊದಲ ಕೊತ್ತಳ ಸ್ಪ್ರೇ ಹೊಡೆದ ಅರ್ಧ ನಿಮಿಷಕ್ಕೆ ಕಣ್ಣೆದುರೇ ಕುಸಿದು ಹಪ್ಪಳವಾಯಿತು. ಮೊದಲು ಫೆವಿಕಾಲ್ ಮತ್ತು ಕಪ್ಪು ಅಕ್ರಿಲಿಕ್ ಬೆರೆಸಿ ಎರಡು ಸಲ ಬಳಿದುಬಿಡಿ. ಅಡಿಯಲ್ಲಿ 6 ಮಿಲಿಮೀಟರ್ ಪ್ಲೈವುಡ್ ಇರಲಿ, ಅದರ ಹಿಂಬದಿಗೂ ಬಣ್ಣ ಹೊಡೆಯಿರಿ. ಒಂದೇ ಕಡೆ ಬಳಿದರೆ ಒಣಗುವಾಗ ಹಲಗೆ ಬಾಗುತ್ತದೆ.

ಈಗ ನದಿಯ ತಳ. ಎರಡನೇ ಪ್ರಯತ್ನದಲ್ಲಿ ಕಂಡದ್ದನ್ನು ಕಂಡ ಹಾಗೆಯೇ ಮಾಡಿದೆ: ಮರಳು, ಹರಳು, ಬಂಡೆ ಎಲ್ಲ ಸುರಿದು ಅಂಟಿಸಿದೆ. ನೋಡಿದವರೆಲ್ಲ ಹೊಗಳಿದರು. ಗೊಂಬೆ ಇಟ್ಟರೆ ನಿಲ್ಲಲಿಲ್ಲ. ಗೊಂಬೆ ಅಂಟಿಸುವ ನಮ್ಮ ಒಂದೊಂದು ಬೇಸು 20 ಮಿಲಿಮೀಟರ್ ಚೌಕ, ಅದರ ಮೇಲೆ ಎಂಟು ಸಿಪಾಯಿಗಳು. ಕಲ್ಲಿನ ಮೇಲಿಟ್ಟರೆ ವಾಲುತ್ತದೆ, ಪಕ್ಕದ್ದನ್ನು ತಳ್ಳುತ್ತದೆ, ಸಾಲು ಪೂರ್ತಿ ಬೀಳುತ್ತದೆ. ಅದನ್ನೂ ಕಿತ್ತೆ.

ಮೂರನೇ ಸಲ ಬೇಸುಗಳನ್ನೇ ಮೊದಲು ಇಟ್ಟೆ. ಬರಿಯ ಫೋಮಿನ ಮೇಲೆ ಖಾಲಿ ಬೇಸುಗಳನ್ನು ಎರಡೆರಡಾಗಿ ಜೋಡಿಸಿ, ಒಂದು ತುಕಡಿ ಎಲ್ಲಿ ನುಗ್ಗಬಹುದು, ಎಲ್ಲಿ ಒಡೆದು ಎರಡಾಗಬೇಕು, ಎಲ್ಲಿ ಮಡು ಅಡ್ಡ ಬಂದು ಸುತ್ತಬೇಕು ಎಂದು ನೋಡುತ್ತ ಪೆನ್ಸಿಲಿನಲ್ಲಿ ಗೀಟು ಹಾಕಿದೆ. ಆ ಗೀಟುಗಳ ಒಳಗಿನ ಜಾಗ 25 ಮಿಲಿಮೀಟರಿಗಿಂತ ಎಲ್ಲೂ ಕಡಿಮೆಯಾಗದ ಹಾಗೆ ಚಪ್ಪಟೆ ಕಲ್ಲುಹಾಸು. ಉಳಿದ ಕಡೆ ಬಂಡೆ, ಮಡು. ಒಂದೂವರೆ ಮೀಟರಿನ ಬಂಡೆಗೆ 1:300ರಲ್ಲಿ 5 ಮಿಲಿಮೀಟರಿನ ಹರಳು ಸಾಕು. ಕಲ್ಲನ್ನು ಮೂರು ಜರಡಿಯಲ್ಲಿ ಸೋಸಿಟ್ಟುಕೊಂಡೆ: ಮರಳು ಸೋಸುವುದು, ರವೆಯದು, ಹಿಟ್ಟಿನದು. ಎಂ-ಸ್ಯಾಂಡ್ ಇಲ್ಲಿಗೆ ಆಗದು. ಅದರ ಮೂಲೆಗಳು ಚೂಪು, ನೀರಿನಲ್ಲಿ ಉರುಳಿದ ಕಲ್ಲಿನ ಹಾಗೆ ಕಾಣುವುದಿಲ್ಲ. ಮನೆ ಕಟ್ಟುವಾಗ ಉಳಿದಿದ್ದ ಹೊಳೆ ಮರಳು ಹಿತ್ತಲಲ್ಲಿತ್ತು.

ಮರಳು ಉದುರಿಸುವ ಕೆಲಸ ಅಮ್ಮನದು. ನಾನು ಚಮಚದಲ್ಲಿ ಹಾಕಿದರೆ ಗುಡ್ಡೆ ಗುಡ್ಡೆ. ಅಮ್ಮ "ಸರಿ ಆಚೆಗೆ" ಅಂತ ಹೇಳಿ, ಹೆಬ್ಬೆರಳು ತೋರುಬೆರಳಿನ ನಡುವೆ ಮರಳು ಹಿಡಿದು ರಂಗೋಲಿ ಎಳೆ ಬಿಟ್ಟ ಹಾಗೆ ಬಿಡುತ್ತ ಹೋದರು. ಬಂಡೆಯ ಬುಡದಲ್ಲಿ ದಪ್ಪ, ಮಡುವಿನ ಕಡೆ ತೆಳುವಾಗುತ್ತ ಆಗುತ್ತ ಮಾಯ. ಹೊಳೆ ಮರಳು ನಿಜವಾಗಿ ಕೂರುವುದೇ ಹಾಗೆ. ಅದರ ಮೇಲೆ ಒಂದು ಪಾಲು ಫೆವಿಕಾಲ್, ಒಂದು ಪಾಲು ನೀರು, ಪಾತ್ರೆ ತೊಳೆಯುವ ಸೋಪಿನ ನಾಲ್ಕು ಹನಿ ಬೆರೆಸಿ ಸಿಂಪಡಿಸಿದೆ. ಸೋಪು ಹಾಕದಿದ್ದರೆ ಹನಿ ಮುತ್ತಿನ ಹಾಗೆ ಮೇಲೇ ನಿಂತು ಮರಳನ್ನು ಒಟ್ಟು ಮಾಡುತ್ತದೆ.

ಮಡುವಿಗೆ ಎಪಾಕ್ಸಿ ರೆಸಿನ್ ಹುಯ್ದೆ. ಇದನ್ನು ಮಳೆಗಾಲದಲ್ಲಿ ಮಾಡಬೇಡಿ, ತೇವ ಹಿಡಿದು ಮೇಲ್ಮೈ ಹಾಲಿನ ಕೆನೆ ಕಟ್ಟಿದಂತಾಗುತ್ತದೆ. ಒಂದು ಸಲಕ್ಕೆ 3 ಮಿಲಿಮೀಟರಿಗಿಂತ ಹೆಚ್ಚು ಬೇಡ. ದಪ್ಪಗೆ ಸುರಿದರೆ ಗಟ್ಟಿಯಾಗುವಾಗ ತಾನೇ ಕಾದು ಅಡಿಯ ಫೋಮನ್ನು ಮೆತ್ತಗೆ ಮಾಡುತ್ತದೆ. ಸೂಜಿಯ ಮೊನೆಯಷ್ಟು ತೂತಿದ್ದರೂ ರಾತ್ರಿಯಿಡೀ ಸೋರುತ್ತದೆ; ನನ್ನ ಒಂದು ಮಡು ಬೆಳಿಗ್ಗೆ ನೆಲದ ಮೇಲಿತ್ತು. ಮೊದಲ ಪದರಕ್ಕೆ ಹಸಿರು ಕಲೆಸಿದ ಕಂದು, ಎರಡನೆಯದಕ್ಕೆ ಬಣ್ಣವೇ ಬೇಡ. ಮೇ ತಿಂಗಳ ಕಾವೇರಿಯಲ್ಲಿ ನೀಲಿ ಹುಡುಕಿದರೂ ಸಿಗುವುದಿಲ್ಲ.

ಗಿಡಮರದ್ದು ಬೇಗ ಮುಗಿಯಿತು. ಹಳೆಯ ವೈರಿನ ತಾಮ್ರದ ಎಳೆ ಹೊಸೆದು ತೆಂಗು, ಮಿಕ್ಸಿಯಲ್ಲಿ ಪುಡಿ ಮಾಡಿದ ಸ್ಪಂಜಿನಿಂದ ಪೊದೆ, ದಡದ ಜೊಂಡಿಗೆ ಲಾವಂಚದ ಬೇರು. ಚಹಾ ಚರಟ ಒಣಗಿಸಿ ತರಗೆಲೆ ಮಾಡುವವರು ಚೆನ್ನಾಗಿ ಹುರಿದು ಹಾಕಿ, ಇಲ್ಲದಿದ್ದರೆ ತಿಂಗಳಲ್ಲಿ ಬೂಸು.

ಕೋಟೆಯನ್ನು ಕೊನೆಗೆ ಮಾಡಿದೆ. ಅದರಲ್ಲಿ ನನಗೆ ತುಂಬ ಮುಖ್ಯವಾದ ಸಂಗತಿ ಹೊರಗಿನಿಂದ ಕಾಣುವುದಿಲ್ಲ. ಗಂಡಿ ಹತ್ತಿ ಮೇಲೆ ಬಂದ ಇಂಗ್ಲಿಷರ ಪಡೆಗೆ ಒಳಗೆ ಇನ್ನೊಂದು ಕಂದಕ, ಅದರಾಚೆ ಇನ್ನೊಂದು ಗೋಡೆ ಎದುರಾಯಿತು. ಅವರು ಅದನ್ನು ನಿರೀಕ್ಷಿಸಿರಲಿಲ್ಲ. ಕೋಟೆ ಬಿದ್ದದ್ದು ನಿಜ, ಟಿಪ್ಪು ಅಲ್ಲೇ ಹೋರಾಡುತ್ತ ಮಡಿದದ್ದೂ ನಿಜ. ಆದರೆ ಆ ಒಳಗಿನ ಕಂದಕದ ಮುಂದೆ ದಾಳಿ ಕೆಲವು ಗಳಿಗೆ ನಿಂತುಹೋಗಿತ್ತು. ದಾಟಲು ಸಿಕ್ಕ ಒಂದು ಇಕ್ಕಟ್ಟಾದ ದಾರಿ ಅವರನ್ನು ಉಳಿಸಿತು. ಮೇಜಿನ ಮೇಲೆ ಎಲ್ಲವೂ ಎಲ್ಲರಿಗೂ ಕಾಣುತ್ತಿದ್ದರೆ ಆ ಗಳಿಗೆ ಬರುವುದೇ ಇಲ್ಲ. ಅದಕ್ಕೆ ಹೊರಗೋಡೆಯ ಹಿಂದಿನ ಪಟ್ಟಿಗೆ ಫೋಮಿನಲ್ಲೇ ಮುಚ್ಚಳ ಮಾಡಿದೆ. ಮೇಲೆ ಮಣ್ಣು, ಎರಡು ಗುಡಿಸಲು, ಒಂದು ಮರ. ಕೆಳಗೆ ರೆಸಿನ್ ತುಂಬಿದ ಕಂದಕ. ನಾಲ್ಕು ಮೂಲೆಗೆ ಪುಟ್ಟ ಆಯಸ್ಕಾಂತ, ಒಂದು ಬದಿಯಲ್ಲಿ ಉಗುರು ತೂರುವಷ್ಟು ಸಂದು. ಅಂಚು ಗೊತ್ತಾಗಬಾರದೆಂದು ಕೂಡುಗೆರೆಯನ್ನು ಕಾಲುದಾರಿಯ ಬದಿಗೇ ತಂದೆ; ಮಣ್ಣಿನ ಬಣ್ಣ ಅಲ್ಲಿ ಹೇಗೂ ಬದಲಾಗುತ್ತದೆ. ಕಂದಕದ ಮೇಲೆ ಒಂದೇ ಕಡೆ, ಕೊತ್ತಳದ ನೆರಳಿನಲ್ಲಿ, ಬೆಂಕಿಕಡ್ಡಿಯಗಲದ ಹಲಗೆ ಇಟ್ಟೆ.

ಈ ಹೊಸ ನೆಲದ ಮೊದಲ ಆಟಕ್ಕೆ ಧಾರವಾಡದಿಂದ ಗೆಳೆಯರೊಬ್ಬರು ಬಂದಿದ್ದರು, ಬೇರ್ಡ್‌ನ ಪಡೆ ಅವರದು. ಹೊಳೆ ದಾಟಲು ಏಳು ಸರದಿ ಹಿಡಿಯಿತು. ಎಡಗಡೆಯ ತುಕಡಿ ಮಡುವಿಗೆ ಸಿಕ್ಕಿ ಎರಡಾಯಿತು, ಬಲಗಡೆಯದು ಕಲ್ಲುಹಾಸು ಹಿಡಿದು ಬಂದು ಅರ್ಧಕ್ಕರ್ಧ ಕಳೆದುಕೊಂಡು ಗಂಡಿಯ ಬುಡ ಸೇರಿತು. ಅವರು ಮೊದಲ ಬೇಸನ್ನು ಗೋಡೆಯ ಮೇಲಿಟ್ಟು ಬಾವುಟ ನೆಟ್ಟರು. ನಾನು ಉಗುರು ತೂರಿಸಿ ಮುಚ್ಚಳ ಎತ್ತಿದೆ.

ಕೈಯಲ್ಲಿದ್ದ ಟೇಪನ್ನು ಮೇಜಿನ ಮೇಲಿಟ್ಟು ಅವರು ಬಗ್ಗಿ, ಕಣ್ಣನ್ನು ಗೋಡೆಯ ಮಟ್ಟಕ್ಕೆ ತಂದು ಬಹಳ ಹೊತ್ತು ನೋಡಿದರು. "ಇದನ್ನ ದಾಟೂದು ಹೆಂಗ್ರಿ?" ಅಂದರು. ದಾರಿ ಒಂದಿದೆ, ಹುಡುಕಬೇಕು ಅಂದೆ. ಆವತ್ತು ಅವರಿಗೆ ಆ ಹಲಗೆ ಸಿಗಲಿಲ್ಲ.