ಯಾವ ಬುಲೆಟ್‌ಗೆ ಎಷ್ಟು ಮಾಂಸ ಹಾಳು: ಜಿಂಕೆ ಬೇಟೆಯಲ್ಲಿ ನನ್ನ ಅನುಭವ

ನಾನಿರುವುದು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ. ನಮ್ಮ ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆಯಡಿ ಜಿಂಕೆ ಹೊಡೆಯುವುದು ಅಪರಾಧ. ಇಲ್ಲಿ ಲೈಸೆನ್ಸ್ ತೆಗೆದುಕೊಂಡು ನವೆಂಬರ್‌ನ ಒಂಬತ್ತು ದಿನದ ರೈಫಲ್ ಸೀಸನ್‌ನಲ್ಲಿ ಬಿಳಿಬಾಲದ ಜಿಂಕೆ ಹೊಡೆಯಬಹುದು. ನಾನು ಕಾಡಿಗೆ ಹೋಗುವುದು ಮಾಂಸಕ್ಕಾಗಿ, ಕೊಂಬಿಗಲ್ಲ. ಹಾಗಾಗಿ ಪ್ರಾಣಿ ಬಿದ್ದ ಮೇಲೆ ಎಷ್ಟು ಮಾಂಸ ಮನೆಗೆ ಬರುತ್ತದೆ ಅನ್ನೋದೇ ನನಗೆ ದೊಡ್ಡ ವಿಷಯ.

ನನ್ನದು .308 ವಿಂಚೆಸ್ಟರ್ ತೋಟಾ ಹಾಕುವ ರೈಫಲ್. 150 ಗ್ರೇನ್ (ಬುಲೆಟ್ ತೂಕದ ಅಳತೆ) ಬುಲೆಟ್ ನಳಿಗೆಯಿಂದ ಸೆಕೆಂಡಿಗೆ ಸುಮಾರು 2,800 ಅಡಿ ವೇಗದಲ್ಲಿ ಹೊರಡುತ್ತದೆ, ನೂರು ಗಜದಲ್ಲೂ 2,500ರ ಆಸುಪಾಸಿನಲ್ಲಿರುತ್ತದೆ. ನಮ್ಮ ಕಾಡಿನಲ್ಲಿ ಬಹುತೇಕ ಈಡು ಅದಕ್ಕಿಂತ ಹತ್ತಿರದಲ್ಲೇ. ಇಷ್ಟು ವೇಗದಲ್ಲಿ ಪ್ಲಾಸ್ಟಿಕ್ ಮೂತಿಯ, ತೆಳು ಹೊದಿಕೆಯ ಸೀಸದ ಬುಲೆಟ್ ಭುಜದ ಮೂಳೆಗೆ ಬಿದ್ದರೆ ಅಲ್ಲೇ ಚೂರುಚೂರಾಗುತ್ತದೆ. ಜಿಂಕೆ ತಕ್ಷಣ ಬೀಳುತ್ತದೆ, ನಿಜ. ಆದರೆ ಚರ್ಮ ಸುಲಿದಾಗ ಮುಂಗಾಲಿನ ಇಡೀ ಭಾಗ ಕಪ್ಪುಗೆಂಪಾಗಿ, ಸ್ನಾಯುಗಳ ಪದರದ ನಡುವೆ ರಕ್ತ ಲೋಳೆಯಂತೆ ಹೆಪ್ಪುಗಟ್ಟಿರುತ್ತದೆ. ಒಂದು ಭುಜ ಪೂರ್ತಿ, ಇನ್ನೊಂದು ಅರ್ಧ ಕಸಕ್ಕೆ ಹೋಗುತ್ತದೆ. ನಿಧಾನವಾಗಿ ಬೇಯಿಸಿ ಸಾರು ಮಾಡಲು ಅದಕ್ಕಿಂತ ಒಳ್ಳೆಯ ಮಾಂಸ ಇಡೀ ಜಿಂಕೆಯಲ್ಲಿಲ್ಲ. ಅದನ್ನು ಎಸೆಯುವಾಗ ಹೊಟ್ಟೆ ಉರಿಯುತ್ತದೆ.

ಅದಕ್ಕೇ ಪೂರ್ತಿ ತಾಮ್ರದ ಬುಲೆಟ್‌ಗೆ ಬಂದೆ. ಇದು ಒಡೆಯುವುದಿಲ್ಲ. ಮೂತಿ ನಾಲ್ಕು ಎಸಳಾಗಿ ಅರಳಿ, ತೂಕ ಹೆಚ್ಚುಕಡಿಮೆ ಹಾಗೇ ಉಳಿಸಿಕೊಂಡು ಆಚೆ ಬದಿಯಿಂದ ಹೊರಬೀಳುತ್ತದೆ. ತಾಮ್ರ ಸೀಸಕ್ಕಿಂತ ಹಗುರ. ಅದೇ ತೂಕಕ್ಕೆ ಬುಲೆಟ್ ಉದ್ದವಾಗುವುದರಿಂದ 150 ಬಿಟ್ಟು 130 ಗ್ರೇನ್ ಆರಿಸಿಕೊಂಡೆ. ಗಾಯದ ಸುತ್ತ ಹೆಪ್ಪುಗಟ್ಟಿದ ಜಾಗ ಎದ್ದು ಕಾಣುವಷ್ಟು ಕಡಿಮೆಯಾಯಿತು. ಉಳಿದ ಲೋಳೆ ಬಹುಪಾಲು ಪದರಗಳ ನಡುವೆಯೇ ಇರುತ್ತದೆ. ಸ್ನಾಯುಗಳನ್ನು ಒಂದೊಂದಾಗಿ ಬಿಡಿಸಿ ಮೇಲಿನ ಬಿಳಿ ಪೊರೆ ಎಳೆದರೆ ಅದರ ಜೊತೆಗೇ ಬಂದುಬಿಡುತ್ತದೆ, ಒಳಗೆ ಮಾಂಸ ಚೊಕ್ಕವಾಗಿರುತ್ತದೆ.

ಹಾಗಂತ ಬುಲೆಟ್ ಬದಲಿಸಿದರೆ ಸಾಕು ಅಂತಲ್ಲ. ಈಗಲೂ ನಾನು ಗುರಿಯಿಡುವುದು ಭುಜದ ಹಿಂದಿನ ಪಕ್ಕೆಲುಬಿಗೆ. ಅಲ್ಲಿ ಶ್ವಾಸಕೋಶ ಸಿಗುತ್ತದೆ, ತಿನ್ನುವ ಮಾಂಸ ಕಡಿಮೆ. ಜಿಂಕೆ ಒಂದಿಷ್ಟು ದೂರ ಓಡಬಹುದು, ರಕ್ತದ ಜಾಡು ಹಿಡಿದು ಹೋಗಬೇಕು. ದೂರದ ಈಡಿಗೆ ತಾಮ್ರ ಹಿಡಿಯುವವರು ವೇಗ ನೋಡಿಕೊಳ್ಳಬೇಕು. ಸೆಕೆಂಡಿಗೆ 2,000 ಅಡಿಗಿಂತ ಕೆಳಗಿಳಿದರೆ ಕೆಲವು ಸರಿಯಾಗಿ ಅರಳದೆ ಸಣ್ಣ ತೂತು ಮಾಡಿ ದಾಟಿಬಿಡುತ್ತವೆ. ಗಾಯಗೊಂಡ ಪ್ರಾಣಿ ನರಳುವುದಕ್ಕಿಂತ ಎರಡು ಕಿಲೋ ಮಾಂಸ ಹಾಳಾಗುವುದೇ ಮೇಲು.

ಸೀಸ ಬಿಡಲು ಇನ್ನೊಂದು ಕಾರಣ ಮನೆಯ ಮಕ್ಕಳು, ಸೀಸ ವಿಷ. 2008ರಲ್ಲಿ ನಾರ್ತ್ ಡಕೋಟಾದಲ್ಲಿ ಬಡವರಿಗೆ ದಾನ ಕೊಟ್ಟ ಜಿಂಕೆ ಖೀಮಾದಲ್ಲಿ ಸೀಸದ ಚೂರು ಸಿಕ್ಕಿ, ಹಂಚದಂತೆ ಅಲ್ಲಿನ ಆರೋಗ್ಯ ಇಲಾಖೆ ಹೇಳಿತ್ತು. ಅದೇ ವರ್ಷ ಮಿನೆಸೋಟಾದವರು ಎಕ್ಸ್‌ರೇ ತೆಗೆದು ನೋಡಿದಾಗ ಗಾಯದಿಂದ ಸಾಕಷ್ಟು ದೂರದಲ್ಲೂ ಚೂರುಗಳಿದ್ದವು. ಎಷ್ಟೋ ಚೂರು ಕಣ್ಣಿಗೂ ಕಾಣದು, ಹಲ್ಲಿಗೂ ಸಿಗದು. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈನಿಂದ ಬೇಟೆಗೆ ಸೀಸವೇ ನಿಷಿದ್ಧ.

ತಾಮ್ರಕ್ಕೆ ದುಡ್ಡು ಜಾಸ್ತಿ. ಪ್ರತಿ ನಳಿಗೆಗೂ ಎಲ್ಲ ತೋಟಾ ಒಗ್ಗುವುದಿಲ್ಲ. ಎರಡು ಮೂರು ಬಗೆ ತಂದು, ನಳಿಗೆ ತಿಕ್ಕಿ ಶುಚಿ ಮಾಡಿ, ಗುರಿ ಅಭ್ಯಾಸದ ರೇಂಜ್‌ನಲ್ಲಿ ಹೊಡೆದು ಯಾವ ತೋಟಾದ ಬುಲೆಟ್‌ಗಳು ಒಂದೇ ಕಡೆ ಒತ್ತಾಗಿ ಬೀಳುತ್ತವೆ ನೋಡಿ. ಆ ತೋಟಾಕ್ಕೇ ಸ್ಕೋಪ್ (ಗುರಿ ನೋಡುವ ದುರ್ಬೀನು) ಮತ್ತೆ ಹೊಂದಿಸಿಕೊಂಡು ಕಾಡಿಗೆ ಹೋಗಿ.