ಹಿಂದಿನ ರಾತ್ರಿಯೇ ಆರಂಭವಾಗುವ ಸುಖಗಳು

ಶನಿವಾರ ರಾತ್ರಿ ಊಟದ ಪಾತ್ರೆಗಳನ್ನು ತೊಳೆದಿಟ್ಟ ಮೇಲೆ ನಾನು ತಪ್ಪದೆ ಮಾಡುವ ಕೊನೆಯ ಕೆಲಸವೆಂದರೆ ಕಾಫಿ ಫಿಲ್ಟರಿಗೆ ಪುಡಿ ಹಾಕಿ, ಕುದಿನೀರು ಸುರಿದು, ಮುಚ್ಚಳ ಮುಚ್ಚಿಡುವುದು. ಮೊದಲೆಲ್ಲ ಹೀಗಿರಲಿಲ್ಲ. ಭಾನುವಾರ ತಾನಾಗಿಯೇ ಸುಖವಾಗಿರುತ್ತದೆಂದು ನಂಬಿ ಎಂಟೂವರೆಗೆ ಏಳುತ್ತಿದ್ದೆ. ಡಿಕಾಕ್ಷನ್ ಇರುತ್ತಿರಲಿಲ್ಲ, ಮೊಬೈಲ್ ನೋಡುತ್ತ ಹನ್ನೊಂದಾಗುತ್ತಿತ್ತು, ಊಟ ಮಾಡಿ ಮಲಗಿ ಎದ್ದರೆ ಸೋಮವಾರದ ಚಿಂತೆ ಬಾಗಿಲಲ್ಲಿ ನಿಂತಿರುತ್ತಿತ್ತು. ಹಲವು ವರ್ಷ ಹೀಗೆ ಕಳೆದುಕೊಂಡ ಮೇಲೆ ನನಗೆ ತಿಳಿದದ್ದು ಇಷ್ಟು: ಬೆಂಗಳೂರಿನ ಸಣ್ಣಪುಟ್ಟ ಸುಖಗಳಿಗೆ ಖರ್ಚು ಕಡಿಮೆ, ಆದರೆ ಪ್ರತಿಯೊಂದಕ್ಕೂ ಒಂದು ಕಾಲ ಮತ್ತು ಒಂದು ಗಳಿಗೆ ಇದೆ, ಹಾಗೂ ಬಹುಪಾಲು ಸುಖಗಳಿಗೆ ಹಿಂದಿನ ರಾತ್ರಿಯೇ ಒಂದಿಷ್ಟು ತಯಾರಿ ಬೇಕು. ಆ ತಯಾರಿಯ ಬಗೆಯನ್ನೇ ಇಲ್ಲಿ ವಿವರಿಸುತ್ತೇನೆ.

ಕಾಫಿಯಿಂದಲೇ ತೊಡಗೋಣ. ಪುಡಿಯನ್ನು ನಿಮ್ಮ ಕಣ್ಣೆದುರಿಗೇ ಬೀಜ ಪುಡಿ ಮಾಡಿಕೊಡುವ ಅಂಗಡಿಯಿಂದ ತನ್ನಿ. ಮಲ್ಲೇಶ್ವರ, ಗಾಂಧಿ ಬಜಾರ್, ಜಯನಗರದ ಕಡೆಗಳಲ್ಲಿ ಇಂಥ ಅಂಗಡಿಗಳಿಗೆ ಕೊರತೆಯಿಲ್ಲ. ಒಂದು ಸಲಕ್ಕೆ ಕಾಲು ಕಿಲೋಗಿಂತ ಹೆಚ್ಚು ಕೊಳ್ಳಬೇಡಿ, ಏಕೆಂದರೆ ಪುಡಿಯ ಘಮ ದಿನದಿನಕ್ಕೂ ಇಳಿಯುತ್ತದೆ. ಕಾಫಿಗೆ ಬೆರೆಸುವ ಹುರಿದ ಬೇರಿನ ಪುಡಿ, ಅಂದರೆ ಚಿಕೋರಿ, ಎಷ್ಟಿರಬೇಕೆಂಬುದು ಮನೆಮನೆಯ ಜಗಳ. ಚಿಕೋರಿ ನೀರನ್ನು ಹಿಡಿದಿಟ್ಟುಕೊಂಡು ನಿಧಾನವಾಗಿ ಇಳಿಸುವುದರಿಂದ ಡಿಕಾಕ್ಷನ್ ಗಟ್ಟಿಯಾಗುತ್ತದೆ, ಬಣ್ಣವೂ ಏರುತ್ತದೆ. ಆದರೆ ಪ್ರಮಾಣ ಮೀರಿದರೆ ಕಾಫಿಯ ಬದಲು ಕಷಾಯದ ರುಚಿ ಬರುತ್ತದೆ. ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿಯ ಪಾಲು ಕನಿಷ್ಠ 51 ಶೇಕಡಾ ಇರಬೇಕೆಂದು ನಮ್ಮ ಕಾನೂನು ಹೇಳುತ್ತದೆ, ಎಂದರೆ ಪೊಟ್ಟಣವನ್ನು ಓದದೆ ಕೊಂಡವರು ಅರ್ಧದಷ್ಟು ಚಿಕೋರಿಯನ್ನೇ ಕುಡಿಯುತ್ತಿರಬಹುದು. ನನ್ನ ಲೆಕ್ಕದಲ್ಲಿ 80ಕ್ಕೆ 20 ಸರಿ. ಚಿಕೋರಿ ಅದಕ್ಕಿಂತ ಕಡಿಮೆ ಬೇಕೆನ್ನುವವರ ಜೊತೆ ನಾನು ವಾದಿಸುವುದಿಲ್ಲ.

ಫಿಲ್ಟರಿನ ಎರಡೂ ಪಾತ್ರೆಗಳು ಒಣಗಿರಬೇಕು. ಮೇಲಿನ ಪಾತ್ರೆ ಒದ್ದೆಯಿದ್ದರೆ ಪುಡಿ ತಳದಲ್ಲಿ ಅಂಟಿಕೊಂಡು ತೂತುಗಳನ್ನು ಮುಚ್ಚುತ್ತದೆ. ಇಬ್ಬರಿಗೆ ಮೂರು ದೊಡ್ಡ ಚಮಚ ಪುಡಿ ಹಾಕಿ, ಪಾತ್ರೆಯನ್ನು ಮೆಲ್ಲಗೆ ತಟ್ಟಿ ಮಟ್ಟ ಮಾಡಿ, ಹಿಡಿಯಿರುವ ಬಿಲ್ಲೆಯನ್ನು ಮೇಲಿಟ್ಟು ಹಗುರವಾಗಿ ಒತ್ತಿ. ಕುದಿ ಬಂದ ನೀರನ್ನು ಬಿಲ್ಲೆಯ ಮೇಲೆ ನಿಧಾನವಾಗಿ ಸುತ್ತ ಸುರಿಯಿರಿ. ನೀರು ಎರಡೇ ನಿಮಿಷದಲ್ಲಿ ದಡದಡನೆ ಇಳಿದುಹೋದರೆ ಪುಡಿ ತರಿಯಾಗಿದೆ ಅಥವಾ ಒತ್ತಿದ್ದು ಸಾಲದು ಎಂದರ್ಥ. ಬೆಳಗಾದರೂ ಮೇಲೆಯೇ ನಿಂತಿದ್ದರೆ ತೂತುಗಳು ಕಟ್ಟಿಕೊಂಡಿವೆ. ಆಗ ಖಾಲಿ ಮಾಡಿದ ಮೇಲಿನ ಪಾತ್ರೆಯನ್ನು ಇಕ್ಕಳದಿಂದ ಹಿಡಿದು, ತಳವನ್ನು ಗ್ಯಾಸಿನ ಉರಿಗೆ ಒಂದೆರಡು ನಿಮಿಷ ಒಡ್ಡಿದರೆ ಹಳೆಯ ಪುಡಿ ಸುಟ್ಟು ಉದುರುತ್ತದೆ, ತೂತುಗಳು ಚುಕ್ಕಿಗಳಂತೆ ಒಂದೊಂದಾಗಿ ತೆರೆದುಕೊಳ್ಳುತ್ತವೆ. ರಾತ್ರಿಯಿಡೀ ಇಟ್ಟ ಡಿಕಾಕ್ಷನ್ನಿಗಿಂತ ಆಗತಾನೆ ಇಳಿದದ್ದರ ಘಮ ಹೆಚ್ಚೆಂಬುದು ನಿಜ, ಆದರೆ ಆರು ಗಂಟೆಯ ಅರೆನಿದ್ದೆಯಲ್ಲಿ ಇಪ್ಪತ್ತು ನಿಮಿಷ ಕಾಯುವ ಸಹನೆ ನನಗಿಲ್ಲ. ಬೆಳಿಗ್ಗೆ ಮಾಡಬೇಕಾದದ್ದು ಹಾಲು ಕಾಯಿಸುವುದು ಮಾತ್ರ. ಡಿಕಾಕ್ಷನ್ನನ್ನು ಎಂದಿಗೂ ಒಲೆಯ ಮೇಲೆ ಕುದಿಸಬೇಡಿ, ಕಹಿಯಾಗುತ್ತದೆ. ಬಿಸಿ ಹಾಲನ್ನೇ ಅದಕ್ಕೆ ಬೆರೆಸಿ, ಲೋಟದಿಂದ ಲೋಟಕ್ಕೆ ಎರಡು ಸಲ ಎತ್ತಿ ಸುರಿದರೆ ನೊರೆ ತಾನಾಗಿ ಬರುತ್ತದೆ.

ಆ ಲೋಟ ಖಾಲಿಯಾಗುವ ಹೊತ್ತಿಗೆ ಇನ್ನೂ ಆರೂವರೆಯಾಗಿರುತ್ತದೆ. ಹೊರಗೆ ಹೋಗುವುದಿದ್ದರೆ ಸ್ನೇಹಿತರೊಬ್ಬರಿಗೆ ರಾತ್ರಿಯೇ ಫೋನ್ ಮಾಡಿ ಹೇಳಿರಬೇಕು, ಏಕೆಂದರೆ ಬೆಳಿಗ್ಗೆ ಎದ್ದು ಕರೆದರೆ ಯಾರೂ ಬರುವುದಿಲ್ಲ. ನನ್ನ ಆಯ್ಕೆ ಲಾಲ್‌ಬಾಗ್, ಅದರಲ್ಲೂ ಕೆಂಪೇಗೌಡರ ಗೋಪುರವಿರುವ ಬಂಡೆ. 1760ರಲ್ಲಿ ಹೈದರಾಲಿ ತೋಟ ಆರಂಭಿಸಿದ್ದನ್ನೇ ನಾವು ಹಳೆಯ ಕಾಲವೆನ್ನುತ್ತೇವೆ. ಕಾಲಡಿಯ ಆ ಬಂಡೆಗಾದರೋ ಸುಮಾರು 300 ಕೋಟಿ ವರ್ಷ. ಚಪ್ಪಲಿ ಬಿಟ್ಟು ಕುಳಿತರೆ ಮೊದಲು ಕಲ್ಲಿನ ತಂಪು ತಟ್ಟುತ್ತದೆ, ಬಿಸಿಲೇರಿದಂತೆ ಅದೇ ಕಲ್ಲು ಬೆಚ್ಚಗಾಗುತ್ತದೆ. ಈ ಬದಲಾವಣೆ ಅಂಗಾಲಿಗೆ ತಿಳಿಯುವಷ್ಟು ಹೊತ್ತು ಕೂರಬೇಕು, ಅದಕ್ಕೆ ಅರ್ಧ ಗಂಟೆ ಬೇಕಾಗುತ್ತದೆ. ಇಳಿದು ಬಂದು ಯಾವುದಾದರೂ ದರ್ಶಿನಿಯಲ್ಲಿ ನಿಂತುಕೊಂಡೇ ಬೈಟು ಕಾಫಿ, ಅಂದರೆ ಒಂದನ್ನೇ ಇಬ್ಬರು ಹಂಚಿಕೊಂಡು, ಕುಡಿಯಿರಿ. ಮನೆಯಲ್ಲಿ ಕುಡಿದಾಗಿದೆಯಲ್ಲ ಎಂಬ ಪ್ರಶ್ನೆ ಇಲ್ಲಿ ಏಳುವುದಿಲ್ಲ. ಬೈಟು ಇರುವುದು ಮಾತಿಗೆ, ಕಾಫಿಗಲ್ಲ.

ಹೂಬಿಡುವ ಮರಗಳನ್ನು ನೋಡುವ ಸುಖಕ್ಕೆ ಹಿಂದಿನ ರಾತ್ರಿಯ ತಯಾರಿ ಸಾಲದು, ಹಿಂದಿನ ವರ್ಷದ ಗುರುತು ಬೇಕು. 1908ರಲ್ಲಿ ಬೆಂಗಳೂರಿಗೆ ಬಂದು ಲಾಲ್‌ಬಾಗಿನ ಹೊಣೆ ಹೊತ್ತ ಜರ್ಮನಿಯ ತೋಟಗಾರಿಕೆ ತಜ್ಞ ಕ್ರುಂಬಿಗಲ್, ಒಂದು ಜಾತಿಯ ಮರ ಹೂ ಮುಗಿಸುವ ಹೊತ್ತಿಗೆ ಇನ್ನೊಂದು ಆರಂಭಿಸುವಂತೆ ಬೀದಿ ಮರಗಳನ್ನು ಆರಿಸುವ ಪದ್ಧತಿಯನ್ನು ಇಲ್ಲಿ ಬೆಳೆಸಿದರು. ಆದ್ದರಿಂದಲೇ ನಮ್ಮಲ್ಲಿ ಚಳಿಗಾಲದಲ್ಲಿ ಗುಲಾಬಿ ಟಬೆಬುಯಾ, ಫೆಬ್ರುವರಿ-ಮಾರ್ಚ್‌ನಲ್ಲಿ ಹಳದಿ ಟಬೆಬುಯಾ ಮತ್ತು ನೇರಳೆ ಜಕರಂಡ, ಯುಗಾದಿಯ ಆಸುಪಾಸಿನಲ್ಲಿ ಹೊಂಗೆ, ಏಪ್ರಿಲ್-ಮೇ ತಿಂಗಳಲ್ಲಿ ಕೆಂಪು ಗುಲ್‌ಮೊಹರ್ ಎಂದು ಸರದಿ ನಡೆಯುತ್ತದೆ. ಇವೆಲ್ಲವನ್ನೂ ನೋಡುತ್ತೇನೆಂದು ಹೊರಡಬೇಡಿ. ನೀವು ದಿನವೂ ಹಾದುಹೋಗುವ ದಾರಿಯಲ್ಲಿ ಒಂದೇ ಮರವನ್ನು ಆರಿಸಿಕೊಂಡು, ಅದು ಹೂಬಿಟ್ಟ ದಿನವನ್ನು ಬರೆದಿಡಿ. ಮುಂದಿನ ವರ್ಷ ಅದೇ ವಾರದಲ್ಲಿ ಬೆಳಿಗ್ಗೆ, ಪೌರಕಾರ್ಮಿಕರು ಗುಡಿಸುವುದಕ್ಕೆ ಮುಂಚೆ ಅಲ್ಲಿಗೆ ಹೋಗಿ. ನನ್ನದು ನಮ್ಮ ಬೀದಿ ತಿರುವಿನ ಆಕಾಶಮಲ್ಲಿಗೆ. ಅದು ಮಳೆಗಾಲ ಮುಗಿಯುವ ಹೊತ್ತಿಗೆ ರಾತ್ರಿ ಅರಳಿ, ಬೆಳಗಾಗುವಷ್ಟರಲ್ಲಿ ಉದ್ದ ತೊಟ್ಟಿನ ಬಿಳಿ ಹೂಗಳನ್ನು ಅಲ್ಲಿ ನಿಲ್ಲಿಸಿದ ಸ್ಕೂಟರುಗಳ ಸೀಟಿನ ಮೇಲೆಲ್ಲ ಉದುರಿಸಿರುತ್ತದೆ. ಏಳು ಗಂಟೆ ಕಳೆದರೆ ತುಳಿತಕ್ಕೆ ಸಿಕ್ಕಿ ಕಂದಾಗುತ್ತವೆ.

ಡಿಸೆಂಬರ್-ಜನವರಿಯ ಮಾತು ಬಂದರೆ ಅವರೆಕಾಯಿಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಮಾಗಿಯ ಇಬ್ಬನಿ ಬಿದ್ದ ಮೇಲೆ ಬರುವ ಸೊಗಡಿನ ಕಾಯಿಯನ್ನೇ ಆರಿಸಿ. ಕಾಯಿಯನ್ನು ಬೆರಳುಗಳ ನಡುವೆ ತಿಕ್ಕಿ ಮೂಸಿದಾಗ ಕೈಗೆ ಎಣ್ಣೆಯಂತೆ ಅಂಟಿ, ಸೋಪು ಹಾಕಿ ತೊಳೆದರೂ ಹೋಗದ ವಾಸನೆ ಇರಬೇಕು. ವಾಸನೆಯಿಲ್ಲದ, ನೋಡಲು ಮಾತ್ರ ಹಸಿರಾದ ಕಾಯಿ ಎಷ್ಟು ಅಗ್ಗವಾದರೂ ಬೇಡ. ಕಾಯಿ ಎರಡು ಕಿಲೋ ತಂದರೆ ಕಾಳು ಅದರ ಅರ್ಧವೂ ಸಿಗುವುದಿಲ್ಲವಾದ್ದರಿಂದ ಧಾರಾಳವಾಗಿ ತನ್ನಿ. ಸಂಜೆ ನಡುಮನೆಯಲ್ಲಿ ಹಳೆಯ ಪೇಪರ್ ಹಾಸಿ ಮನೆಯವರೆಲ್ಲ ಸುತ್ತ ಕುಳಿತು ಬಿಡಿಸಿ. ಹಸಿರು ಹುಳು ಇದ್ದೇ ಇರುತ್ತದೆ, ಕಿರುಚುವವರು ಒಬ್ಬರಾದರೂ ಇರುತ್ತಾರೆ. ಬಿಡಿಸಿದ ಕಾಳನ್ನು ರಾತ್ರಿ ನೀರಿನಲ್ಲಿ ನೆನೆಸಿಡಿ.

ಬೆಳಿಗ್ಗೆ ಸಿಪ್ಪೆ ಸಡಿಲಾಗಿರುತ್ತದೆ. ಕಾಳನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು, ಮೂಗಿರುವ ತುದಿಯನ್ನು ಬಟ್ಟಲಿನ ಕಡೆಗೆ ತಿರುಗಿಸಿ ಹಿತುಕಿದರೆ ಒಳಗಿನ ಬೇಳೆ ಪುಳಕ್ಕನೆ ಚಿಮ್ಮುತ್ತದೆ. ಹೊಸಬರ ಬೇಳೆ ಮೊದಲ ಹತ್ತು ನಿಮಿಷ ಸೋಫಾದ ಕೆಳಗೆ ಹೋಗುತ್ತದೆ; ಇನ್ನೊಂದು ಕೈಯನ್ನು ಅಡ್ಡ ಹಿಡಿಯುವುದೇ ಅದಕ್ಕೆ ಮದ್ದು. ಹಿತಕಿದ ಬೇಳೆ ಈಗ ಮಾರುಕಟ್ಟೆಯಲ್ಲಿ ಸಿದ್ಧವಾಗಿಯೇ ಸಿಗುತ್ತದೆ, ಸಮಯವಿಲ್ಲದವರು ಕೊಳ್ಳುವುದರಲ್ಲಿ ತಪ್ಪೇನಿಲ್ಲ. ಆದರೆ ನಮ್ಮ ಅತ್ತೆಯವರು ತಮ್ಮ ತವರಿನ ಜಗಳಗಳನ್ನೆಲ್ಲ ನನಗೆ ಹೇಳಿದ್ದು ಅವರೆಕಾಳು ಹಿತುಕುವಾಗಲೇ, ಕೊಂಡು ತಂದ ಬೇಳೆಯಲ್ಲಿ ಆ ಭಾಗ ಬರುವುದಿಲ್ಲ. ಮೊದಲ ದಿನ ಹುಳಿ, ಮರುದಿನ ಉಳಿದದ್ದಕ್ಕೆ ಅಕ್ಕಿರೊಟ್ಟಿ ಎಂಬುದು ನಮ್ಮ ಮನೆಯ ಕ್ರಮ.

ಮಳೆಗೆ ಮಾತ್ರ ಮುಂಗಡ ಗೊತ್ತುಪಡಿಸಲಾಗದು. ಏಪ್ರಿಲ್-ಮೇ ತಿಂಗಳಲ್ಲಿ ಮಧ್ಯಾಹ್ನವೆಲ್ಲ ಸುಟ್ಟು, ನಾಲ್ಕರ ಮೇಲೆ ಗಾಳಿ ತಿರುಗಿ ಗುಡುಗಿದರೆ ಒಣಹಾಕಿದ ಬಟ್ಟೆಯನ್ನು ತಂದು, ಕಿಟಕಿಯ ಪಕ್ಕ ಕುರ್ಚಿ ಹಾಕಿ, ಕೋಣೆಯ ದೀಪ ಆರಿಸಿ ಕುಳಿತುಕೊಳ್ಳಿ. ಕಡಲೆಹಿಟ್ಟು ಮತ್ತು ಬಜ್ಜಿ ಮೆಣಸಿನಕಾಯಿ ಮನೆಯಲ್ಲಿರುವಂತೆ ಆ ಎರಡು ತಿಂಗಳು ನೋಡಿಕೊಂಡರೆ ಸಾಕು. ಆ ಹೊತ್ತಿಗೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲಿ ಬೈಕಿನ ಮೇಲಿರುವವರಿಗೆ ಈ ಪರಿಚ್ಛೇದ ಅನ್ವಯಿಸುವುದಿಲ್ಲ.

ಸಂಜೆಗಳ ಬಗ್ಗೆ ಚುಟುಕಾಗಿ ಹೇಳುವುದಾದರೆ, ವಾರಕ್ಕೊಂದಲ್ಲದಿದ್ದರೂ ತಿಂಗಳಿಗೊಂದು ನಾಟಕ ನೋಡಿ. 2004ರಲ್ಲಿ ಜೆ.ಪಿ. ನಗರದಲ್ಲಿ ಆರಂಭವಾದ ರಂಗಶಂಕರದಲ್ಲಿ ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲ, ಆದ್ದರಿಂದ ಟಿಕೆಟನ್ನು ಮೊದಲೇ ಕೊಂಡು ಅರ್ಧ ಗಂಟೆ ಮುಂಚೆ ತಲುಪುವುದು ಒಳ್ಳೆಯದು. ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ನಡೆಯುವ ಕಡಲೆಕಾಯಿ ಪರಿಷೆಗೆ ಆ ದಿನವೇ ಹೋದರೆ ಜನದ ತಲೆ ಮಾತ್ರ ಕಾಣುತ್ತದೆ. ಹಿಂದಿನ ದಿನ ಸಂಜೆ ರಾಶಿಗಳು ಆಗಲೇ ಬಿದ್ದಿರುತ್ತವೆ, ಹುರಿದದ್ದು, ಹಸಿಯದು ಎರಡನ್ನೂ ನಿಧಾನವಾಗಿ ರುಚಿ ನೋಡಿ ಕೊಳ್ಳಬಹುದು.

ಇವನ್ನೆಲ್ಲ ನೆನಪಿಡಲು ಮೊಬೈಲಿನ ಅಲಾರಂ ನನಗೆ ಹೊಂದಲಿಲ್ಲ. ಅದು ಬಡಿದುಕೊಳ್ಳುವುದು ಯಾವಾಗಲೂ ಮೀಟಿಂಗಿನ ನಡುವೆಯೇ. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ, ಗ್ಯಾಸ್ ಸಿಲಿಂಡರ್ ಬಂದ ದಿನವನ್ನೂ ಹಾಲಿನವರ ಲೆಕ್ಕವನ್ನೂ ಬರೆಯುವ ಅದೇ ಚೌಕಗಳಲ್ಲಿ, ಪೆನ್ಸಿಲಿನಿಂದ ಬರೆದಿಡುತ್ತೇನೆ. ಹೊಸ ಕ್ಯಾಲೆಂಡರ್ ಬಂದ ದಿನ ಹಳೆಯದನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದನ್ನೇ ನಕಲು ಮಾಡುವುದು ಮನೆಯಲ್ಲಿ ಮಗಳ ಕೆಲಸ. ಈ ವರ್ಷ ಅವಳು ಮಾರ್ಚ್ ತಿಂಗಳ ಒಂದು ಚೌಕದಲ್ಲಿ "ಸಿಲಿಂಡರ್ ಬುಕ್ ಮಾಡಬೇಕು, ಜಕರಂಡ" ಎಂದು ಒಂದೇ ಸಾಲಿನಲ್ಲಿ ಬರೆದಿದ್ದಾಳೆ.