ಕರ್ನಲ್‌ಗೆ ಸಿಗ್ನಲ್ ಸೇರಿಸುವುದು ಹೇಗೆ: ಬಿಟ್ ಏರಿಸುವುದರಿಂದ ಹ್ಯಾಂಡ್ಲರ್ ಮುಗಿಯುವವರೆಗೆ

ಸಿಗ್ನಲ್ ಎಂದರೆ ಓಡುತ್ತಿರುವ ಪ್ರೋಗ್ರಾಂಗೆ, ಅಂದರೆ ಪ್ರೊಸೆಸ್‌ಗೆ, ಕರ್ನಲ್ ಮುಟ್ಟಿಸುವ ಸೂಚನೆ; ಅದು ಬಂದಾಗ ಓಡಲೆಂದು ಪ್ರೋಗ್ರಾಂ ಇಟ್ಟುಕೊಂಡ ಫಂಕ್ಷನ್ ಹ್ಯಾಂಡ್ಲರ್. ಸ್ವಂತ ಕರ್ನಲ್‌ಗೆ ಸಿಗ್ನಲ್ ಸೇರಿಸಲು ಹೊರಟವರು ಹೆಚ್ಚಾಗಿ ಮೊದಲು ಕೈಹಾಕುವುದು ಹ್ಯಾಂಡ್ಲರ್ ಕರೆಯುವ ಭಾಗಕ್ಕೆ. ತೊಂದರೆ ಶುರುವಾಗುವುದೂ ಅಲ್ಲಿಂದಲೇ. ಸಿಗ್ನಲ್‌ನಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಕಳುಹಿಸುವ ಕೋಡ್ ಗುರಿ ಪ್ರೊಸೆಸ್‌ನ ಲೆಕ್ಕದಲ್ಲಿ ಒಂದು ಬಿಟ್ ಏರಿಸಿ, ಅದು ಮಲಗಿದ್ದರೆ ಎಬ್ಬಿಸಿ, ಹೊರಟುಹೋಗುತ್ತದೆ. ಆ ಪ್ರೊಸೆಸ್ ಕರ್ನಲ್‌ನಿಂದ ಯೂಸರ್ ಮೋಡ್‌ಗೆ (ಸಾಮಾನ್ಯ ಪ್ರೋಗ್ರಾಂ ಓಡುವ, ಕಡಿಮೆ ಅಧಿಕಾರದ ಸ್ಥಿತಿ) ಮರಳುವಾಗ ತಾನೇ ಆ ಬಿಟ್ ನೋಡಿಕೊಂಡು ಮುಂದಿನದನ್ನು ಮಾಡುತ್ತದೆ. ಕಳುಹಿಸುವ ಕೋಡ್ ಎಂದಿಗೂ ಇನ್ನೊಬ್ಬರ ಸ್ಟ್ಯಾಕ್ ಮುಟ್ಟಬಾರದು, ಗುರಿಯನ್ನು ನಿಂತಲ್ಲೇ ಕೊಲ್ಲಲೂಬಾರದು. ಗುರಿ ಆ ಹೊತ್ತಿಗೆ ಇನ್ನೊಂದು ಸಿಪಿಯು ಮೇಲೆ ಓಡುತ್ತಿರಬಹುದು, ಇಲ್ಲವೇ ಫೈಲ್ ಸಿಸ್ಟಮ್‌ನ ಲಾಕ್ ಹಿಡಿದು ಮಲಗಿರಬಹುದು. ಅದನ್ನು ಅಲ್ಲೇ ಕೊಂದರೆ ಆ ಲಾಕ್ ಬಿಡುವವರೇ ಇರುವುದಿಲ್ಲ.

ಇಲ್ಲಿನ ವಿವರ 64 ಬಿಟ್ ಎಕ್ಸ್86 ಮೇಲಿನ ಯುನಿಕ್ಸ್ ಮಾದರಿಯ ಕರ್ನಲ್‌ಗೆ ಸಂಬಂಧಿಸಿದ್ದು. ಎಂಐಟಿಯ ಬೋಧನಾ ಕರ್ನಲ್ ಎಕ್ಸ್‌ವಿ6ನ ರಿಸ್ಕ್-ವಿ ಆವೃತ್ತಿಯಲ್ಲಿ ಪ್ರಯೋಗ ಮಾಡುವವರಿಗೂ ಇದು ಹೊಂದುತ್ತದೆ. ಅದರಲ್ಲಿ ಸಿಗ್ನಲ್ ಇಲ್ಲ, ‘ಕಿಲ್ಡ್’ ಎಂಬ ಒಂದೇ ಫ್ಲ್ಯಾಗ್ ಇದೆ. ಆದರೆ ಆ ಫ್ಲ್ಯಾಗ್ ನಡೆಯುವುದು ಇದೇ ಎರಡು ಹಂತದಲ್ಲಿ: ಕಿಲ್ ಅದನ್ನು ಏರಿಸುತ್ತದೆ, ಯೂಸರ್ ಮೋಡ್‌ನಿಂದ ಕರ್ನಲ್‌ಗೆ ಬಂದಾಗ ಓಡುವ ಯೂಸರ್‌ಟ್ರ್ಯಾಪ್ ಫಂಕ್ಷನ್‌ನಲ್ಲಿ ಪ್ರೊಸೆಸ್ ತಾನಾಗಿ ಎಕ್ಸಿಟ್ ಆಗುತ್ತದೆ. ಆ ಒಂದು ಫ್ಲ್ಯಾಗನ್ನು 64 ಬಿಟ್‌ಗಳಿಗೆ ಹಿಗ್ಗಿಸುವುದೇ ಮುಂದಿನ ಕೆಲಸ.

ಸಂಖ್ಯೆಗಳು, ಡೀಫಾಲ್ಟ್ ಕ್ರಮಗಳು

1 ಸಿಗ್‌ಹಪ್, 2 ಸಿಗ್‌ಇಂಟ್, 3 ಸಿಗ್‌ಕ್ವಿಟ್, 6 ಸಿಗ್‌ಅಬಾರ್ಟ್, 9 ಸಿಗ್‌ಕಿಲ್, 14 ಸಿಗ್‌ಅಲಾರಂ, 15 ಸಿಗ್‌ಟರ್ಮ್: ಇವು ಯಾವ ಯುನಿಕ್ಸ್‌ನಲ್ಲೂ ಇದೇ ಸಂಖ್ಯೆಗಳು, ಬದಲಿಸಬೇಡಿ. ಉಳಿದವು ಹಾಗಲ್ಲ. ಸಿಗ್‌ಚೈಲ್ಡ್ ಎಕ್ಸ್86 ಲಿನಕ್ಸ್‌ನಲ್ಲಿ 17, ಬಿಎಸ್‌ಡಿಗಳಲ್ಲಿ 20. ಆದ್ದರಿಂದ ಕರ್ನಲ್ ಮತ್ತು ಸಿ ಲೈಬ್ರರಿ ಎರಡೂ ಒಂದೇ ಹೆಡರ್ ಫೈಲ್‌ನಿಂದ ಸಂಖ್ಯೆ ಪಡೆಯಲಿ.

ಪ್ರತಿ ಸಂಖ್ಯೆಯ ಎದುರು ಡೀಫಾಲ್ಟ್ ಕ್ರಮ ಬರೆದ ಒಂದು ಪಟ್ಟಿ ಬೇಕು. ಕ್ರಮಗಳು ಐದೇ: ಮುಗಿಸು, ಕೋರ್ ಡಂಪ್ (ಮೆಮೊರಿಯ ನಕಲನ್ನು ಫೈಲ್‌ಗೆ ಬರೆಯುವುದು) ಮಾಡಿ ಮುಗಿಸು, ಕಡೆಗಣಿಸು, ನಿಲ್ಲಿಸು, ಮುಂದುವರಿಸು. ಸಿಗ್‌ಚೈಲ್ಡ್‌ಗೆ ‘ಕಡೆಗಣಿಸು’ ಹಾಕಲು ಮರೆತರೆ, ಮೊದಲ ಮಗು ಪ್ರೊಸೆಸ್ ಸತ್ತ ಕೂಡಲೇ ಶೆಲ್ಲೂ ಸಾಯುತ್ತದೆ.

ಸಂಖ್ಯೆ 1ರಿಂದ ಶುರುವಾಗುತ್ತದೆ, ಬಿಟ್ 0ಯಿಂದ. ಹಾಗಾಗಿ ಸಿಗ್ನಲ್ 9ರ ಜಾಗ ಬಿಟ್ 8. ಒಂದನ್ನು ಎಡಕ್ಕೆ ಸರಿಸುವಾಗ ಆ ಒಂದು 64 ಬಿಟ್‌ನ ಅನ್‌ಸೈನ್ಡ್ ಆಗಿರಲಿ. ಸಾಮಾನ್ಯ ಇಂಟ್‌ ಅನ್ನು 32 ಅಥವಾ ಅದಕ್ಕಿಂತ ಹೆಚ್ಚು ಸ್ಥಾನ ಸರಿಸಿದರೆ ಏನಾಗುತ್ತದೆಂದು ಸಿ ಭಾಷೆ ಹೇಳುವುದೇ ಇಲ್ಲ. ಈ ದೋಷ ದೊಡ್ಡ ಸಂಖ್ಯೆಗಳ ರಿಯಲ್‌ಟೈಮ್ ಸಿಗ್ನಲ್ ಸೇರಿಸುವವರೆಗೆ ಕಣ್ಣಿಗೆ ಬೀಳುವುದಿಲ್ಲ.

ಯಾವುದನ್ನು ಎಲ್ಲಿಡಬೇಕು

ಪ್ರೊಸೆಸ್‌ಗೆ ಒಂದು ಹ್ಯಾಂಡ್ಲರ್ ಟೇಬಲ್: 64 ಸಾಲು, ಪ್ರತಿ ಸಾಲಿನಲ್ಲಿ ಹ್ಯಾಂಡ್ಲರ್ ವಿಳಾಸ, ಹ್ಯಾಂಡ್ಲರ್ ಓಡುವಾಗ ತಡೆಯಬೇಕಾದವುಗಳ ಮಾಸ್ಕ್, ಫ್ಲ್ಯಾಗ್‌ಗಳು. ಸದ್ಯ ಯಾವ ಸಿಗ್ನಲ್‌ಗಳನ್ನು ತಡೆದಿಡಲಾಗಿದೆ ಎಂದು ಹೇಳುವ ಮಾಸ್ಕ್ ಮಾತ್ರ ಪ್ರತಿ ಥ್ರೆಡ್‌ಗೂ ಬೇರೆ. ಪೆಂಡಿಂಗ್ ಬಿಟ್‌ಗಳು (ಬಂದರೂ ಇನ್ನೂ ತಲುಪಿಸದ ಸಿಗ್ನಲ್‌ಗಳವು) ಎರಡು ಕಡೆ ಇರಬೇಕು: ಇಡೀ ಪ್ರೊಸೆಸ್‌ಗೆ ಬಂದವು ಹಂಚಿಕೆಯ ಲೆಕ್ಕದಲ್ಲಿ, ಒಂದು ಥ್ರೆಡ್‌ಗೆಂದೇ ಬಂದವು ಆ ಥ್ರೆಡ್‌ನಲ್ಲಿ. ಥ್ರೆಡ್ ಇಲ್ಲದ ಕರ್ನಲ್ ಆದರೆ ಒಂದೇ ಸಾಕು.

ಫೋರ್ಕ್ (ಪ್ರೊಸೆಸ್‌ನ ನಕಲಾಗಿ ಮಗು ಹುಟ್ಟುವುದು) ಆದಾಗ ಟೇಬಲ್ ಮತ್ತು ಮಾಸ್ಕ್ ನಕಲಾಗುತ್ತವೆ, ಪೆಂಡಿಂಗ್ ಬಿಟ್‌ಗಳು ಮಗುವಿನಲ್ಲಿ ಸೊನ್ನೆಯಾಗಬೇಕು. ಎಕ್ಸೆಕ್ (ಅದೇ ಪ್ರೊಸೆಸ್‌ನಲ್ಲಿ ಹೊಸ ಪ್ರೋಗ್ರಾಂ ಶುರುವಾಗುವುದು) ಆದಾಗ ಮಾಸ್ಕ್ ಮತ್ತು ಪೆಂಡಿಂಗ್ ಉಳಿಯುತ್ತವೆ, ಹ್ಯಾಂಡ್ಲರ್ ಇದ್ದ ಸಾಲುಗಳು ಡೀಫಾಲ್ಟ್‌ಗೆ ಮರಳಬೇಕು. ಹಳೆಯ ಪ್ರೋಗ್ರಾಂನ ವಿಳಾಸಕ್ಕೆ ಹೊಸ ಪ್ರೋಗ್ರಾಂನಲ್ಲಿ ಅರ್ಥವಿಲ್ಲ. ಆದರೆ ‘ಕಡೆಗಣಿಸು’ ಎಂದಿದ್ದ ಸಾಲು ಹಾಗೆಯೇ ಇರಲಿ. ಸಿಗ್‌ಹಪ್ ಕಡೆಗಣಿಸುವಂತೆ ಮಾಡಿ ಪ್ರೋಗ್ರಾಂ ಓಡಿಸುವ ನೋಹಪ್ ಆಜ್ಞೆ ಕೆಲಸ ಮಾಡುವುದು ಆ ಒಂದು ನಿಯಮದ ಮೇಲೆ.

ಕಳುಹಿಸುವ ಬದಿ

ಕಿಲ್ ಸಿಸ್ಟಮ್ ಕಾಲ್‌ನಲ್ಲಿ ಮೊದಲು ಸಂಖ್ಯೆ ಸರಿಯೇ ನೋಡಿ, ಆಮೇಲೆ ಪ್ರೊಸೆಸ್ ಹುಡುಕಿ, ಆಮೇಲೆ ಅನುಮತಿ. ಕಳುಹಿಸುವವರ ರಿಯಲ್ ಅಥವಾ ಎಫೆಕ್ಟಿವ್ ಯುಐಡಿ (ಬಳಕೆದಾರರ ಗುರುತಿನ ಸಂಖ್ಯೆ), ಗುರಿಯ ರಿಯಲ್ ಅಥವಾ ಸೇವ್ಡ್ ಯುಐಡಿಗೆ ಸಮನಾಗಿರಬೇಕು. ರೂಟ್‌ಗೆ ಈ ತಡೆಯಿಲ್ಲ. ಸಿಗ್ನಲ್ 0 ಬಂದರೆ ಇಷ್ಟು ಪರೀಕ್ಷೆ ಮಾಡಿ ಬಿಟ್ ಏರಿಸದೆ ಮರಳಿ. ಹುಡುಕುವುದರಿಂದ ಬಿಟ್ ಏರಿಸುವವರೆಗೆ ಲಾಕ್ ಕೈಬಿಡಬೇಡಿ. ನಡುವೆ ಬಿಟ್ಟರೆ ಆ ಪಿಐಡಿ (ಪ್ರೊಸೆಸ್‌ನ ಸಂಖ್ಯೆ) ಹೊಸ ಪ್ರೊಸೆಸ್‌ಗೆ ಹೋಗಿರಬಹುದು, ಸಾಯುವುದು ಬೇರೆ ಯಾವುದೋ.

ಬಿಟ್ ಏರಿಸುವ ಫಂಕ್ಷನ್ ಮಲಗುವಂತಿಲ್ಲ. ಕಂಟ್ರೋಲ್-ಸಿ ಒತ್ತಿದಾಗ ಅದನ್ನು ಕೀಬೋರ್ಡ್ ಇಂಟರಪ್ಟ್‌ನ ಒಳಗಿನಿಂದಲೇ ಕರೆಯಬೇಕಾಗಬಹುದು. ಅಲ್ಲಿ ಹಿಡಿಯುವ ಲಾಕ್ ಇಂಟರಪ್ಟ್ ಆರಿಸಿ ಹಿಡಿಯುವ ಸ್ಪಿನ್‌ಲಾಕ್ (ಮಲಗದೆ ಸುತ್ತುತ್ತಲೇ ಕಾಯುವ ಲಾಕ್) ಆಗಿರಬೇಕು, ಮೆಮೊರಿ ಬೇಕಿದ್ದರೆ ಕಾಯದೆ ಪಡೆಯಬೇಕು. ಮಾಮೂಲಿ ಸಿಗ್ನಲ್‌ಗಳಿಗೆ ಕ್ಯೂ ಇಲ್ಲ. ಮೂರು ಮಕ್ಕಳು ಒಟ್ಟಿಗೆ ಸತ್ತರೂ ಸಿಗ್‌ಚೈಲ್ಡ್‌ನ ಬಿಟ್ ಒಂದೇ. ಹ್ಯಾಂಡ್ಲರ್ ಬರೆಯುವವರು ವೇಯ್ಟ್ ಅನ್ನು ಲೂಪ್‌ನಲ್ಲಿ ಕರೆಯುವುದು ಅದಕ್ಕೇ.

ಸಿಗ್‌ಕಂಟಿನ್ಯೂ ಕಳುಹಿಸುವ ಹಂತದಲ್ಲೇ ಕೆಲಸ ಮಾಡುತ್ತದೆ: ಬಾಕಿಯಿರುವ ನಿಲ್ಲಿಸುವ ಸಿಗ್ನಲ್‌ಗಳನ್ನು ಅಳಿಸಿ, ನಿಂತ ಪ್ರೊಸೆಸನ್ನು ಎಬ್ಬಿಸುತ್ತದೆ, ಅದು ಮಾಸ್ಕ್‌ನಲ್ಲಿದ್ದರೂ ಸರಿ. ಇದನ್ನು ತಲುಪಿಸುವ ಹಂತಕ್ಕೆ ಬಿಟ್ಟರೆ, ನಿಂತ ಪ್ರೊಸೆಸ್ ಆ ಹಂತಕ್ಕೆ ಬರುವುದೇ ಇಲ್ಲ.

ಎಬ್ಬಿಸುವುದರಲ್ಲಿ ಒಂದು ಸೂಕ್ಷ್ಮವಿದೆ. ಮಲಗಲು ಹೊರಟ ಪ್ರೊಸೆಸ್ ‘ಸಿಗ್ನಲ್ ಇದೆಯೇ’ ಎಂದು ಮೊದಲು ನೋಡಿ ಆಮೇಲೆ ತನ್ನ ಸ್ಥಿತಿ ಬದಲಿಸಿಕೊಂಡರೆ, ನಡುವಿನ ಕ್ಷಣದಲ್ಲಿ ಬಂದ ಸಿಗ್ನಲ್ ಅದನ್ನು ‘ಎಚ್ಚರವಿದೆ’ ಎಂದೇ ತಿಳಿದು ಬಿಟ್ಟುಹೋಗುತ್ತದೆ. ಮೊದಲು ಸ್ಥಿತಿ ಬದಲಿಸಿ, ಆಮೇಲೆ ಬಿಟ್ ನೋಡಿ, ಆಮೇಲೆ ಶೆಡ್ಯೂಲರ್‌ಗೆ ಕೊಡಿ. ಡಿಸ್ಕ್ ಓದಿಗೆ ಕಾಯುವಂಥ ಅಲ್ಪಕಾಲದ ನಿದ್ರೆಯನ್ನು ಸಿಗ್ನಲ್ ಕೆಡಿಸದಿರಲಿ. ಟರ್ಮಿನಲ್, ಪೈಪ್, ಸಾಕೆಟ್‌ನ ಕಾಯುವಿಕೆ ಮುರಿಯಲೇಬೇಕು.

ತಲುಪಿಸುವ ಬದಿ

ಸಿಸ್ಟಮ್ ಕಾಲ್, ಇಂಟರಪ್ಟ್, ಫಾಲ್ಟ್, ಯಾವುದರಿಂದಲೇ ಆಗಲಿ ಯೂಸರ್ ಮೋಡ್‌ಗೆ ಮರಳುವ ಕೊನೆಯ ತಿರುವಿನಲ್ಲಿ ಪರೀಕ್ಷೆ ಇಡಿ. ಇಂಟರಪ್ಟ್ ಬಂದಾಗ ಕರ್ನಲ್ ಕೋಡೇ ಓಡುತ್ತಿದ್ದರೆ ಮುಟ್ಟಬೇಡಿ. ಉಳಿಸಿದ ಸಿಎಸ್ ರಿಜಿಸ್ಟರಿನ ಕೆಳಗಿನ ಎರಡು ಬಿಟ್ 3 ಆಗಿದ್ದರೆ ಮಾತ್ರ ಯೂಸರ್ ಮೋಡ್. ಪೆಂಡಿಂಗ್‌ನಲ್ಲಿದ್ದು ಮಾಸ್ಕ್‌ನಲ್ಲಿಲ್ಲದ ಒಂದನ್ನು ಆರಿಸಿ ಅದರ ಬಿಟ್ ಇಳಿಸಿ. ಡೀಫಾಲ್ಟ್ ಆದರೆ ಟೇಬಲ್ ಹೇಳಿದಂತೆ ಮಾಡಿ. ಹ್ಯಾಂಡ್ಲರ್ ಇದ್ದರೆ ಯೂಸರ್ ಸ್ಟ್ಯಾಕ್‌ನಲ್ಲಿ ಫ್ರೇಮ್, ಅಂದರೆ ಪ್ರೋಗ್ರಾಂ ನಿಂತ ಸ್ಥಿತಿಯನ್ನು ಉಳಿಸಿಡುವ ದಾಖಲೆ, ಕಟ್ಟಬೇಕು:

1. ಯೂಸರ್ ಸ್ಟ್ಯಾಕ್ ಪಾಯಿಂಟರಿನಿಂದ 128 ಬೈಟ್ ಕೆಳಗಿಳಿಯಿರಿ. ಇದು ಎಕ್ಸ್86ರ ರೆಡ್ ಝೋನ್. ಕಂಪೈಲರ್ ಪಾಯಿಂಟರ್ ಸರಿಸದೆಯೇ ಅಲ್ಲಿ ಲೋಕಲ್ ವೇರಿಯಬಲ್ ಇಟ್ಟಿರುತ್ತದೆ. ರಿಸ್ಕ್-ವಿಯಲ್ಲಿ ಈ ಹೆಜ್ಜೆ ಇಲ್ಲ.
2. ಫ್ಲೋಟಿಂಗ್ ಪಾಯಿಂಟ್ ಸ್ಥಿತಿಗೆ ಜಾಗ: ಎಫ್‌ಎಕ್ಸ್‌ಸೇವ್‌ಗೆ 512 ಬೈಟ್, 16ರ ಅಲೈನ್‌ಮೆಂಟ್. ಎಕ್ಸ್‌ಸೇವ್ ಬಳಸಿದರೆ 64ರ ಅಲೈನ್‌ಮೆಂಟ್.
3. ಎಲ್ಲ ರಿಜಿಸ್ಟರುಗಳು, ಹಳೆಯ ಮಾಸ್ಕ್, ಸಿಗ್ನಲ್ ಮಾಹಿತಿ.
4. ತುದಿಯಲ್ಲಿ ರಿಟರ್ನ್ ವಿಳಾಸ: ಸಿಗ್‌ರಿಟರ್ನ್ (ಫ್ರೇಮ್‌ನಿಂದ ಹಳೆಯ ಸ್ಥಿತಿ ಮರಳಿಸುವ ಸಿಸ್ಟಮ್ ಕಾಲ್) ಕರೆಯುವ ಪುಟ್ಟ ಕೋಡ್‌ನದ್ದು. ಅದನ್ನು ಸಿ ಲೈಬ್ರರಿ ಕೊಡಲಿ. ಸ್ಟ್ಯಾಕ್ ಮೇಲೇ ಕೋಡ್ ಬರೆದರೆ, ಸ್ಟ್ಯಾಕ್‌ನಿಂದ ಕೋಡ್ ಓಡಿಸದ ಈಗಿನ ವ್ಯವಸ್ಥೆಯಲ್ಲಿ ಅದು ಫಾಲ್ಟ್ ಆಗುತ್ತದೆ.
5. ಮೊದಲ ಆರ್ಗ್ಯುಮೆಂಟಿನ ರಿಜಿಸ್ಟರ್ ಆರ್‌ಡಿಐಗೆ ಸಿಗ್ನಲ್ ಸಂಖ್ಯೆ, ಮುಂದಿನ ಇನ್‌ಸ್ಟ್ರಕ್ಷನ್‌ನ ವಿಳಾಸವಿರುವ ಆರ್‌ಐಪಿಗೆ ಹ್ಯಾಂಡ್ಲರ್‌ನ ವಿಳಾಸ. ಹ್ಯಾಂಡ್ಲರ್ ಪ್ರವೇಶಿಸುವಾಗ ಸ್ಟ್ಯಾಕ್ ಪಾಯಿಂಟರನ್ನು 16ರಿಂದ ಭಾಗಿಸಿದರೆ 8 ಉಳಿಯಬೇಕು. ಇದು ತಪ್ಪಿದರೆ ಸರಳ ಹ್ಯಾಂಡ್ಲರ್ ಓಡುತ್ತದೆ, ಪ್ರಿಂಟ್‌ಎಫ್‌ನಂಥದ್ದು ಎಸ್‌ಎಸ್‌ಇ ಇನ್‌ಸ್ಟ್ರಕ್ಷನ್ ಮುಟ್ಟಿದೊಡನೆ ಬೀಳುತ್ತದೆ.
6. ಹೊಸ ಮಾಸ್ಕ್‌ಗೆ ಹ್ಯಾಂಡ್ಲರ್‌ನ ಮಾಸ್ಕನ್ನೂ ಇದೇ ಸಿಗ್ನಲನ್ನೂ ಸೇರಿಸಿ.

ಬರೆಯುವುದೆಲ್ಲ ಯೂಸರ್ ವಿಳಾಸ ಪರೀಕ್ಷಿಸಿ ನಕಲಿಸುವ ಫಂಕ್ಷನ್‌ನಿಂದಲೇ ಆಗಬೇಕು. ಅದು ವಿಫಲವಾದರೆ ತಪ್ಪು ಮೆಮೊರಿ ಮುಟ್ಟಿದ್ದಕ್ಕೆ ಬರುವ ಸಿಗ್ನಲ್ ಸಿಗ್‌ಸೆಗ್‌ವಿಯನ್ನು ಬಲವಂತವಾಗಿ ಹಾಕಿ. ಫಾಲ್ಟ್‌ನಿಂದ ಹುಟ್ಟಿದ ಸಿಗ್‌ಸೆಗ್‌ವಿ ಮಾಸ್ಕ್‌ನಲ್ಲಿದ್ದರೆ ಅಥವಾ ಕಡೆಗಣಿಸಲ್ಪಟ್ಟಿದ್ದರೆ ಪ್ರೊಸೆಸನ್ನು ಮುಗಿಸಿಬಿಡಿ. ಇಲ್ಲದಿದ್ದರೆ ಅದೇ ಇನ್‌ಸ್ಟ್ರಕ್ಷನ್ ಮತ್ತೆ ಓಡಿ, ಮತ್ತೆ ಫಾಲ್ಟ್ ಆಗಿ, ಸಿಪಿಯು ಅಲ್ಲೇ ಗಿರಕಿ ಹೊಡೆಯುತ್ತದೆ.

ಸಿಗ್‌ರಿಟರ್ನ್‌ನಲ್ಲಿ ಮೈಯೆಲ್ಲ ಕಣ್ಣಾಗಿರಿ

ಫ್ರೇಮ್ ಇರುವುದು ಯೂಸರ್ ಮೆಮೊರಿಯಲ್ಲಿ. ಯಾರು ಬೇಕಾದರೂ ಅದನ್ನು ತಿದ್ದಿರಬಹುದು, ಫ್ರೇಮೇ ಇಲ್ಲದೆ ಸಿಗ್‌ರಿಟರ್ನ್ ಕರೆದಿರಲೂಬಹುದು. ಸಿಎಸ್, ಎಸ್‌ಎಸ್ ಎರಡಕ್ಕೂ ರಿಂಗ್ 3ರ (ಯೂಸರ್ ಮೋಡ್‌ನ) ಮೌಲ್ಯವನ್ನು ನೀವೇ ಹಾಕಿ. ಫ್ಲ್ಯಾಗ್ಸ್ ರಿಜಿಸ್ಟರಿನಲ್ಲಿ ಯೂಸರ್‌ಗೆ ಸೇರಿದ ಬಿಟ್‌ಗಳನ್ನಷ್ಟೇ ತೆಗೆದುಕೊಳ್ಳಿ. ಪೋರ್ಟ್ ಬಳಕೆಯ ಅನುಮತಿ ಹೇಳುವ ಐಒಪಿಎಲ್ ಬಿಟ್‌ಗಳು ಒಳಗೆ ಬಂದರೆ ಆ ಪ್ರೋಗ್ರಾಂಗೆ ಹಾರ್ಡ್‌ವೇರ್ ಪೋರ್ಟ್‌ಗಳ ಬಾಗಿಲು ತೆರೆದಂತೆ. ಆರ್‌ಐಪಿ ಯೂಸರ್ ವ್ಯಾಪ್ತಿಯಲ್ಲಿದೆಯೇ ನೋಡಿ. ಮರಳಿ ಬಂದ ಮಾಸ್ಕ್‌ನಿಂದ ಸಿಗ್‌ಕಿಲ್, ಸಿಗ್‌ಸ್ಟಾಪ್ ಬಿಟ್‌ಗಳನ್ನು ಅಳಿಸಿ.

ಇನ್ನೊಂದು ದೋಷ ಎಕ್ಸ್‌ವಿ6ನಲ್ಲಿ ಎದ್ದು ಕಾಣುತ್ತದೆ. ಅಲ್ಲಿ ಸಿಸ್ಟಮ್ ಕಾಲ್ ಫಂಕ್ಷನ್ ಏನು ಹಿಂದಿರುಗಿಸಿದರೂ ಟ್ರ್ಯಾಪ್‌ಫ್ರೇಮ್‌ನ (ಉಳಿಸಿಟ್ಟ ಯೂಸರ್ ರಿಜಿಸ್ಟರುಗಳ ದಾಖಲೆ) ಎ0 ರಿಜಿಸ್ಟರಿಗೆ ಬರೆಯಲಾಗುತ್ತದೆ. ಸಿಗ್‌ರಿಟರ್ನ್ ಎಲ್ಲ ರಿಜಿಸ್ಟರ್ ಮರಳಿಸಿ ‘ಸೊನ್ನೆ’ ಹಿಂದಿರುಗಿಸಿದರೆ, ಆಗತಾನೇ ಮರಳಿಸಿದ ಎ0 ಅಳಿಸಿಹೋಗುತ್ತದೆ. ಪ್ರೋಗ್ರಾಂ ಬೀಳುವುದಿಲ್ಲ, ಯಾವಾಗಲೋ ಒಮ್ಮೆ ಲೆಕ್ಕ ತಪ್ಪುತ್ತದೆ. ಸಿಗ್‌ರಿಟರ್ನ್ ಹಿಂದಿರುಗಿಸಬೇಕಾದದ್ದು ಮರಳಿಸಿದ ಎ0ಯನ್ನೇ, ಎಕ್ಸ್86ರಲ್ಲಿ ಆರ್‌ಎಎಕ್ಸ್.

ಮುರಿದ ಸಿಸ್ಟಮ್ ಕಾಲ್

ನಿದ್ರೆ ಮುರಿದ ರೀಡ್ ಸ್ವಲ್ಪವಾದರೂ ಡೇಟಾ ಓದಿದ್ದರೆ ಅಷ್ಟರ ಎಣಿಕೆ ಹಿಂದಿರುಗಿಸಿ. ಏನೂ ಓದಿಲ್ಲದಿದ್ದರೆ ‘ಮತ್ತೆ ಶುರುಮಾಡು’ ಎಂಬ ಕರ್ನಲ್‌ನೊಳಗಿನ ಸಂಕೇತ ಹಿಂದಿರುಗಿಸಿ, ತೀರ್ಮಾನ ತಲುಪಿಸುವ ಹಂತದ್ದಾಗಲಿ. ಹ್ಯಾಂಡ್ಲರ್‌ಗೆ ರೀಸ್ಟಾರ್ಟ್ ಫ್ಲ್ಯಾಗ್ ಇಲ್ಲದಿದ್ದರೆ ಯೂಸರ್‌ಗೆ ಇಐಎನ್‌ಟಿಆರ್ (‘ಕಾಲ್ ನಡುವೆ ಮುರಿಯಿತು’ ಎಂಬ ದೋಷ ಸಂಕೇತ) ಕಾಣಬೇಕು. ಫ್ಲ್ಯಾಗ್ ಇದ್ದರೆ, ಅಥವಾ ಹ್ಯಾಂಡ್ಲರ್ ಓಡುವ ಪ್ರಸಂಗವೇ ಇಲ್ಲದಿದ್ದರೆ, ಆರ್‌ಎಎಕ್ಸ್‌ಗೆ ಮೂಲ ಕಾಲ್ ಸಂಖ್ಯೆ ಹಾಕಿ ಆರ್‌ಐಪಿಯನ್ನು 2 ಬೈಟ್ ಹಿಂದಕ್ಕೆ ಸರಿಸಿ; ಸಿಸ್‌ಕಾಲ್ ಇನ್‌ಸ್ಟ್ರಕ್ಷನ್ ಅಷ್ಟೇ ಉದ್ದ. ರಿಸ್ಕ್-ವಿಯ ಈಕಾಲ್‌ಗೆ 4 ಬೈಟ್, ಅಲ್ಲಿ ಎ0ಯ ಮೂಲ ಆರ್ಗ್ಯುಮೆಂಟನ್ನೂ ಮರಳಿಸಬೇಕು. ಈ ತಿದ್ದುಪಡಿ ಫ್ರೇಮ್ ಕಟ್ಟುವ ಮೊದಲೇ ಆಗಬೇಕು, ಏಕೆಂದರೆ ಫ್ರೇಮ್‌ಗೆ ಹೋಗಬೇಕಾದದ್ದು ತಿದ್ದಿದ ಮೌಲ್ಯ.

ಪರೀಕ್ಷೆಗೆ ನಾಲ್ಕು ಪ್ರೋಗ್ರಾಂ ಬರೆದಿಟ್ಟುಕೊಳ್ಳಿ. ಎಲ್ಲ ರಿಜಿಸ್ಟರುಗಳಲ್ಲಿ ಗೊತ್ತಿರುವ ಮೌಲ್ಯ ತುಂಬಿ, ಟೈಮರ್ ಸಿಗ್ನಲ್ ಬೀಳುತ್ತಿರುವಾಗಲೇ ಅವನ್ನು ಪದೇ ಪದೇ ಹೋಲಿಸುವುದು ಒಂದು. ಖಾಲಿ ಪೈಪ್‌ನ ರೀಡ್‌ನಲ್ಲಿ ಮಲಗಿದ್ದವರಿಗೆ ರೀಸ್ಟಾರ್ಟ್ ಫ್ಲ್ಯಾಗ್ ಇಟ್ಟೂ ಇಡದೆಯೂ ಸಿಗ್ನಲ್ ಕಳುಹಿಸುವುದು ಇನ್ನೊಂದು. ಕಸ ತುಂಬಿದ ಫ್ರೇಮ್‌ನಿಂದ ಸಿಗ್‌ರಿಟರ್ನ್ ಕರೆಯುವುದು ಮೂರನೆಯದು: ಪ್ರೊಸೆಸ್ ಸಾಯಬೇಕು, ಕರ್ನಲ್ ಬದುಕಬೇಕು. ನಾಲ್ಕನೆಯದು ಕೊನೆಯಿಲ್ಲದ ರಿಕರ್ಷನ್‌ನಿಂದ ಸ್ಟ್ಯಾಕ್ ತುಂಬಿಸಿ ಸಿಗ್‌ಸೆಗ್‌ವಿ ಹಿಡಿಯಲು ಯತ್ನಿಸುತ್ತದೆ. ಫ್ರೇಮ್ ಕಟ್ಟಲು ಜಾಗವೇ ಇಲ್ಲದ್ದರಿಂದ ಅದು ನೇರವಾಗಿ ಸಾಯುವುದೇ ಸರಿ. ಸಿಗ್‌ಆಲ್ಟ್‌ಸ್ಟ್ಯಾಕ್ ಸೇರಿಸಿದ ಮೇಲೆ ಇದೇ ಪ್ರೋಗ್ರಾಂ ಬೇರೆ ಸ್ಟ್ಯಾಕ್ ಮೇಲೆ ಹ್ಯಾಂಡ್ಲರ್ ಓಡಿಸಿ ತೋರಿಸಬೇಕು.